ಟ್ಯಾಂಕರ್ ಹತ್ತಿದವಳು

ಮೋಸ ಮಾಡಿದ್ದು ನಾನು, ನಾಗರತ್ನ ಅಲ್ಲ. ಒಂಬತ್ತು ವರ್ಷಗಳ ಹಿಂದೆ ರಾಜಸ್ಥಾನದ ಮರಳುಗಾಡಿನಲ್ಲಿ ಐದು ಹಂತಗಳ ಸೈಕಲ್ ರೇಸು ನಡೆಯಿತು. ಅದರ ನಾಲ್ಕನೆಯ ದಿನ ನೀರಿನ ಟ್ಯಾಂಕರ್ ಮೇಲೆ ಕೂತು ಮರಳು ದಾಟಿದವಳು ನಾನು. ಆ ತಪ್ಪನ್ನು ಜೊತೆಗಾತಿಯ ತಲೆಗೆ ಕಟ್ಟಿ, ಪದಕ ಹಾಕಿಕೊಂಡು ಅರಸೀಕೆರೆ ಸ್ಟೇಷನ್ನಿನಲ್ಲಿ ಇಳಿದವಳೂ ನಾನೇ. ನಮ್ಮ ಸೈಕಲ್ ಕ್ಲಬ್ಬಿನವರು ಹಾರ ತಂದಿದ್ದರು. ಕತ್ತು ಬಗ್ಗಿಸಿದೆ — ಎಂಥ ವಿನಯದಿಂದ ಬಗ್ಗಿಸಿದೆನೆಂದರೆ, ನೆನೆದರೆ ನನ್ನ ಕತ್ತಿನ ಮೇಲೆ ನನಗೇ ಅಸಹ್ಯವಾಗುತ್ತದೆ.

ನಾನು ಅರಸೀಕೆರೆಯ ಕೊಬ್ಬರಿ ವರ್ತಕರ ಮಗಳು. ಮೂವತ್ತು ದಾಟಿದ ಮೇಲೆ ಸೈಕಲ್ ಹುಚ್ಚು ಹತ್ತಿತು ಎಂದು ಎಲ್ಲರಿಗೂ ಹೇಳಿಕೊಳ್ಳುತ್ತಿದ್ದೆ. ಸುಳ್ಳು. ಹುಚ್ಚಾದರೂ ಒಂದು ಪ್ರಾಮಾಣಿಕ ವಸ್ತು. ನನಗಿದ್ದದ್ದು ಸೈಕಲ್ ಓಡಿಸುವವಳು ಎನಿಸಿಕೊಳ್ಳುವ ಚಪಲ. ಭಾನುವಾರ ಬೆಳಿಗ್ಗೆ ಬಿಗಿ ಉಡುಪು ಹಾಕಿ, ಕಪ್ಪು ಕನ್ನಡಕ ಏರಿಸಿ, ಮಾಲೇಕಲ್ಲಿನ ಬುಡದವರೆಗೆ ಹೋಗಿ, ಬೆಟ್ಟ ಹಿಂದೆ ಕಾಣುವಂತೆ ಫೋಟೊ ತೆಗೆಸಿಕೊಂಡು ಬರುವುದು. ಆಮೇಲೆ ಇಡ್ಲಿ ತಿನ್ನುತ್ತಾ ಛಲದ ಬಗ್ಗೆ ಭಾಷಣ. ನಮ್ಮ ಕ್ಲಬ್ಬಿನಲ್ಲಿ ಎಲ್ಲರೂ ಇಂಥವರೇ, ಅದಕ್ಕೇ ನಮ್ಮೊಳಗೆ ಯಾರಿಗೂ ಯಾರ ಬಗ್ಗೆಯೂ ನಾಚಿಕೆಯಾಗುತ್ತಿರಲಿಲ್ಲ.

ನಾಗರತ್ನಳನ್ನು ನಾನು ಮೊದಲು ನೋಡಿದ್ದು ಹಿಂದಿನಿಂದ. ಹಳೇಬೀಡಿನಿಂದ ಬೇಲೂರಿಗೆ ಹೋಗುವ ರಸ್ತೆಯ ಒಂದು ಏರಿನಲ್ಲಿ ನಾನು ಏದುಸಿರು ಬಿಡುತ್ತಿದ್ದಾಗ, ಕ್ಯಾರಿಯರಿನಲ್ಲಿ ಹಾಲಿನ ಕ್ಯಾನು ಕಟ್ಟಿಕೊಂಡ ಹುಡುಗಿಯೊಬ್ಬಳು ಚೂಡಿದಾರದಲ್ಲೇ ನನ್ನನ್ನು ದಾಟಿ ಹೋದಳು. ತಿರುಗಿಯೂ ನೋಡಲಿಲ್ಲ. ಬಸ್ತಿಹಳ್ಳಿಯವಳು, ಇಪ್ಪತ್ತೆರಡು ವರ್ಷ, ಬೇಲೂರಿನ ಒಂದು ಹೋಟೆಲಿಗೆ ದಿನಾ ಹಾಲು ಕೊಟ್ಟು ಬರುತ್ತಾಳೆ ಎಂದು ಆಮೇಲೆ ತಿಳಿಯಿತು.

ಮರುಭೂಮಿಯ ರೇಸಿಗೆ ಇಬ್ಬರು ಜೋಡಿಯಾಗಿ ಹೋಗಬೇಕಿತ್ತು. ಪ್ರತಿ ತಪಾಸಣೆಯ ಜಾಗವನ್ನೂ ಜೊತೆಯಾಗಿಯೇ ದಾಟಬೇಕು. ನನಗೆ ಬೇಕಾಗಿದ್ದದ್ದು ಜೊತೆಗಾತಿಯಲ್ಲ, ಎಂಜಿನ್ನು. ನನ್ನ ಹಳೆಯ ಸೈಕಲ್ಲನ್ನು ಅವಳಿಗೆ ಕೊಟ್ಟೆ, ‘ಹಳ್ಳಿಯ ಪ್ರತಿಭೆಯನ್ನು ಬೆಳೆಸುತ್ತಿದ್ದೇನೆ’ ಎಂದು ಊರಿಗೆಲ್ಲ ಸಾರಿದೆ. ಬೆನ್ನ ಹಿಂದೆ ಕ್ಲಬ್ಬಿನವರ ಮುಂದೆ ಅವಳಂತೆ ಮಾತಾಡಿ ನಗಿಸುತ್ತಿದ್ದೆ — ಹಾಸನವನ್ನು ಅವಳು ‘ಆಸ್ನ’ ಎನ್ನುವುದನ್ನು, ಹೆಲ್ಮೆಟ್ಟಿನ ಒಳಗೆ ತಲೆಗೆ ಟವೆಲು ಸುತ್ತುವುದನ್ನು. ಅವಳು ನನ್ನನ್ನು ಅಕ್ಕ ಎನ್ನುತ್ತಿದ್ದಳು.

ಮರಳು ನನ್ನನ್ನು ಮೊದಲ ದಿನವೇ ಬಯಲು ಮಾಡಿತು. ಅದರಲ್ಲಿ ಫೋಟೊದ ಸೈಕಲ್ ಓಡುವುದಿಲ್ಲ. ಮುಂದಿನ ಚಕ್ರ ಹೂತು ಮಗುಚಿಕೊಂಡೆ, ಒಂದಲ್ಲ, ಏಳೆಂಟು ಸಲ. ನಾಗರತ್ನ ಹಿಂದೆ ಬಂದು ನನ್ನ ಟೈರು ಒತ್ತಿ ನೋಡಿದಳು.

“ಗಾಳಿ ಒಸಿ ಬಿಡಿ ಅಕ್ಕ, ಚಕ್ರ ಅಗ್ಲ ಆಗ್ಲಿ. ಕೆರೆ ಬತ್ತಿದ್ದಾಗ ನಾನು ಮರಳಲ್ಲೇ ಓಡ್ಸಿವ್ನಿ. ಮೈ ಹಿಂದಕ್ಕೆ ಹಾಕಿ, ಮುಂದಕ್ಕೆ ಬಗ್ಗಬ್ಯಾಡಿ.”

ಅವಳು ಹೇಳಿದ್ದು ಸರಿಯಾಗಿತ್ತು. ಅದಕ್ಕೇ ಕೋಪ ಬಂತು. ಮೂರು ದಿನ ಅವಳು ಒಂದು ಕೈಯಲ್ಲಿ ತನ್ನ ಹ್ಯಾಂಡಲು ಹಿಡಿದು, ಇನ್ನೊಂದು ಕೈಯಲ್ಲಿ ನನ್ನ ಬೆನ್ನು ನೂಕುತ್ತಾ ನನ್ನನ್ನು ಸಾಗಿಸಿದಳು. ಮೂರನೆಯ ದಿನದ ಸಂಜೆಗೆ ಹೆಂಗಸರ ಜೋಡಿಗಳಲ್ಲಿ ನಾವು ಎರಡನೆಯವರು. ನಾವು — ಥೂ, ಎಂಥ ನಾವು!

ನಾಲ್ಕನೆಯ ದಿನ ದಿಬ್ಬಗಳೇ ದಿಬ್ಬಗಳು. ಮಧ್ಯಾಹ್ನದ ಹೊತ್ತಿಗೆ ನನ್ನ ನೀರು ಮುಗಿದು ಒಂದು ಮುಳ್ಳಿನ ಮರದ ಕೆಳಗೆ ಕುಸಿದು ಕೂತೆ. ಪಕ್ಕದಲ್ಲೇ ಗಟ್ಟಿ ರಸ್ತೆಯೊಂದು ದಿಬ್ಬಗಳನ್ನು ಬಳಸಿಕೊಂಡು ಹೋಗುತ್ತಿತ್ತು. ಹಳ್ಳಿಗಳಿಗೆ ನೀರು ಒಯ್ಯುವ ಟ್ಯಾಂಕರ್ ಬಂತು. ನಾಗರತ್ನ ಓಡಿ ಹೋಗಿ ಅಡ್ಡ ನಿಂತು, ಕೈಸನ್ನೆಯಲ್ಲೇ ಡ್ರೈವರಿಗೆ ತಿಳಿಸಿ, ಬಾಟಲಿ ತುಂಬಿಸಿಕೊಂಡು ಬಂದಳು. ಕುಡಿಸಿದಳು. ಕತ್ತಿಗೆ ಹಾಕಿದಳು. ‘ಎದ್ದೇಳಿ ಅಕ್ಕ, ಇನ್ನೊಂದು ಎಂಟು ಕಿಲೋಮೀಟ್ರು’ ಎಂದಳು.

“ನನ್ನ ತಲೆ ಮೇಲೆ ನಿಂತ್ಕೋಬೇಡ. ನೀನು ಹೋಗಿ ತಪಾಸಣೆ ಜಾಗದಲ್ಲಿ ಕಾಯಿ,” ಎಂದೆ.

ಹೋದಳು. ಅವಳು ಮೊದಲ ದಿಬ್ಬ ದಾಟಿ ಮರೆಯಾಗುವವರೆಗೆ ಕಾದೆ. ಡ್ರೈವರ್ ಇನ್ನೂ ಬೀಡಿ ಸೇದುತ್ತಾ ನಿಂತಿದ್ದ. ಸೈಕಲ್ಲನ್ನು ಟ್ಯಾಂಕಿನ ಮೇಲೆ ಕಟ್ಟಿಸಿ, ಪಕ್ಕದಲ್ಲೇ ಕೂತುಬಿಟ್ಟೆ. ತಪಾಸಣೆಯ ಜಾಗಕ್ಕೆ ಸ್ವಲ್ಪ ಮೊದಲೇ ಇಳಿದು ಒಂದು ಮಣ್ಣಿನ ಗೋಡೆಯ ಹಿಂದೆ ಅಡಗಿದೆ. ಅಲ್ಲಿಂದ ನೋಡುತ್ತಿದ್ದೆ — ನಾಗರತ್ನ ಮರಳಿನಿಂದ ಎದ್ದು ಬರುತ್ತಿದ್ದಳು, ಇಳಿದು ನೂಕುತ್ತಾ, ಹತ್ತುತ್ತಾ, ಮತ್ತೆ ಇಳಿಯುತ್ತಾ. ಅವಳು ತಲುಪಿ, ನೆರಳಿಗೂ ಹೋಗದೆ ದಾರಿ ನೋಡುತ್ತಾ ನಿಂತಳು. ನಾನು ಬೊಗಸೆಯಲ್ಲಿ ಮರಳು ತೆಗೆದು ಶೂಗಳ ಮೇಲೆ, ಮೊಣಕಾಲಿನ ಮೇಲೆ ಸುರಿದುಕೊಂಡೆ. ಅರ್ಧ ಗಂಟೆ ಬಿಟ್ಟು ಹೊರಬಂದೆ. ಅವಳು ಚಪ್ಪಾಳೆ ತಟ್ಟಿದಳು.

ಸಂಜೆ ಡೇರೆಗೆ ಕರೆಸಿದರು. ನಮ್ಮ ನಂಬರಿನ ಒಬ್ಬಳು ಟ್ಯಾಂಕರ್ ಮೇಲೆ ಕೂತಿದ್ದನ್ನು ದೂರದಿಂದ ನೋಡಿದವರಿದ್ದರು. ಇಬ್ಬರದೂ ಒಂದೇ ನಂಬರು, ಒಂದೇ ನೀಲಿ ಅಂಗಿ. ಯಾರು ಎಂದು ಗೊತ್ತಾಗಿರಲಿಲ್ಲ. ಮೇಜಿನ ಆಚೆ ಕೂತಿದ್ದ ಅಧಿಕಾರಿ ಇಂಗ್ಲಿಷಿನಲ್ಲಿ ಕೇಳಿದ: ಇಬ್ಬರಲ್ಲಿ ಯಾರು? ಒಪ್ಪಿಕೊಂಡರೆ ಅವರೊಬ್ಬರನ್ನು ತೆಗೆಯುತ್ತೇವೆ. ಇನ್ನೊಬ್ಬರು ನಾಳೆ ಒಂಟಿಯಾಗಿ ಮುಗಿಸಬಹುದು.

ನಾಗರತ್ನಳಿಗೆ ಇಂಗ್ಲಿಷೂ ಬಾರದು, ಹಿಂದಿಯೂ ಬಾರದು. ‘ಟ್ಯಾಂಕರ್’ ಎಂಬ ಪದ ಮಾತ್ರ ಕಿವಿಗೆ ಬಿದ್ದು ನನ್ನ ಮುಖ ನೋಡಿದಳು. ಅವಳಿಗೆ ಮಾತು ದಾಟಿಸಬೇಕಾದವಳು ನಾನೇ. ಆ ಕ್ಷಣ ನನಗೆ ಹೊಳೆದದ್ದು... ಹೊಳೆಯಿತು ಎನ್ನುವುದೂ ತಪ್ಪು. ಅದು ಸಿದ್ಧವಾಗಿಯೇ ಬಾಯಲ್ಲಿತ್ತು.

“ಟ್ಯಾಂಕರ್ ಹತ್ರ ನೀರು ಹಿಡ್ಕೊಂಡಿದ್ದು ನೀನೇನಾ ಅಂತ ಕೇಳ್ತಿದಾರೆ.”

“ಊಂ, ನಾನೇಯ,” ಎಂದು ಅವಳು ಅಧಿಕಾರಿಯತ್ತ ಜೋರಾಗಿ ತಲೆಯಾಡಿಸಿದಳು. ನಗುತ್ತಾ.

‘ಒಪ್ಪಿಕೊಂಡಿದ್ದಾಳೆ’ ಎಂದೆ ನಾನು ಇಂಗ್ಲಿಷಿನಲ್ಲಿ. ಅವನು ಮುಂದೆ ತಳ್ಳಿದ ಕಾಗದಕ್ಕೆ ಅವಳು ಸಹಿ ಹಾಕಿದಳು. ಎಲ್ಲಿ ಹಾಕಬೇಕೆಂದು ಬೆರಳಿಟ್ಟು ತೋರಿಸಿದವಳು ನಾನು.

ಹೊರಗೆ ಬಂದ ಮೇಲೆ ಹೇಳಿದೆ, ಹೊರಗಿನವರಿಂದ ನೀರು ತಗೊಳ್ಳುವುದು ಇಲ್ಲಿ ನಿಯಮಕ್ಕೆ ವಿರುದ್ಧ, ಅದಕ್ಕೆ ನಿನ್ನನ್ನು ತೆಗೆದಿದ್ದಾರೆ ಎಂದು. ಅಂಥ ನಿಯಮ ಆ ರೇಸಿನಲ್ಲಿ ಇರಲಿಲ್ಲ. ಅವಳು ಸೈಕಲ್ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಅತ್ತಳು. ‘ನನ್ನಿಂದ ನಿಮ್ಗೂ ಎರಡ್ನೇ ಜಾಗ ಹೋಯ್ತಲ್ಲ ಅಕ್ಕ’ ಎಂದಳು. ನಾನು ಅವಳ ತಲೆ ನೇವರಿಸಿದೆ. ಒಳಗೊಳಗೆ ಅವಳನ್ನು ಹಂಗಿಸುತ್ತಲೂ ಇದ್ದೆ — ಇಷ್ಟು ಸುಲಭಕ್ಕೆ ನಂಬುವ ದಡ್ಡಿ ಎಂದು. ಮರುದಿನ ಗಟ್ಟಿ ರಸ್ತೆಯ ಕೊನೆಯ ಹಂತವನ್ನು ಒಂಟಿಯಾಗಿ ಮುಗಿಸಿ, ರೇಸು ಪೂರೈಸಿದವರಿಗೆ ಕೊಡುವ ಪದಕ ಹಾಕಿಸಿಕೊಂಡೆ.

ಆ ಕಾಗದ ಅಲ್ಲಿಗೇ ನಿಲ್ಲಲಿಲ್ಲ. ಮೋಸ ಮಾಡಿದ್ದಕ್ಕೆ ತೆಗೆಯಲ್ಪಟ್ಟವಳು ಎಂದು, ಅವಳಿಗೇ ತಿಳಿಯದಂತೆ, ಅವಳ ಹೆಸರು ಸೈಕಲ್ ಸಂಘಗಳ ಇಂಗ್ಲಿಷ್ ಪಟ್ಟಿಗಳಿಗೆ ಹೋಯಿತು. ಅವಳು ಆಯ್ಕೆಯಾಗುವಂತಿದ್ದ ತರಬೇತಿ ಶಿಬಿರದಿಂದ ಕರೆಯೇ ಬರಲಿಲ್ಲ. ಯಾಕೆ ಎಂದು ನನ್ನನ್ನೇ ಕೇಳಿದಳು. ‘ಶಿಫಾರಸು ಬೇಕಾಗುತ್ತೆ ಕಣೇ’ ಎಂದೆ. ಅವಳು ಹಾಲಿಗೆ ಮರಳಿದಳು. ಜೊತೆಗೆ ಊರಿನ ಹುಡುಗಿಯರನ್ನು ಸೇರಿಸಿ, ಬಸದಿಗಳ ಪಕ್ಕದ ಬಯಲಿನಲ್ಲಿ ಸೈಕಲ್ ಕಲಿಸತೊಡಗಿದಳು. ನಾನು ಕ್ಲಬ್ಬಿನ ಅಧ್ಯಕ್ಷೆಯಾದೆ. ಶಾಲೆಗಳಿಗೆ ಹೋಗಿ ಕ್ರೀಡಾ ಮನೋಭಾವದ ಬಗ್ಗೆ ಮಾತಾಡಿದೆ. ಮಕ್ಕಳು ಕೈ ಕಟ್ಟಿಕೊಂಡು ಕೇಳಿದರು.

ಹೋದ ಬೇಸಿಗೆಯಲ್ಲಿ ನಮ್ಮ ಕ್ಲಬ್ಬು ಹತ್ತಿರದ ಗಂಡಸಿ ಊರಿನ ಕಡೆ ಹೊಲದ ದಾರಿಗಳಲ್ಲಿ ಒಂದು ರೇಸು ಇಟ್ಟಿತು. ನಾಗರತ್ನಳ ಶಿಷ್ಯೆ ಪವಿತ್ರ, ಹದಿನೈದು ವರ್ಷದ ಹುಡುಗಿ, ಎಲ್ಲರಿಗಿಂತ ಮುಂದಿದ್ದವಳು, ದಾರಿಯಲ್ಲಿ ಜ್ಞಾನ ತಪ್ಪಿ ಬಿದ್ದಳು. ತೋಟದ ಹೆಂಗಸೊಬ್ಬಳು ಚೊಂಬು ನೀರು ಹಿಡಿದು ಎರಡು ಸಲ ಅವಳ ಹಿಂದೆ ಓಡಿದ್ದಳಂತೆ. ಹುಡುಗಿ ತಲೆ ಅಲ್ಲಾಡಿಸಿ ಹೋಗಿಬಿಟ್ಟಿದ್ದಳು. ಅರಸೀಕೆರೆಯ ಆಸ್ಪತ್ರೆಯಲ್ಲಿ ಕಣ್ಣು ಬಿಡಲು ಮರುದಿನ ಮಧ್ಯಾಹ್ನವಾಯಿತು.

“ಯಾಕಮ್ಮಾ ಕುಡೀಲಿಲ್ಲ?” ಎಂದು ತಾಯಿ ಕೇಳಿದರು.

“ಹೊರ್ಗಿನ್ ನೀರು ಕುಡುದ್ರೆ ತೆಗ್ದಾಕ್ತಾರೆ. ನಾಗರತ್ನಕ್ಕ ಹೇಳ್ಕೊಟ್ಟವ್ರೆ.”

ತಾಯಿ ತಿರುಗಿ ನಾಗರತ್ನಳ ಮೇಲೆ ಹರಿಹಾಯ್ದರು — ನನ್ನ ಮಗಳನ್ನ ಕೊಲ್ತಿದ್ದೆ ನೀನು, ಯಾವ ಸೀಮೆ ರೂಲ್ಸು ಇದು? ನಾಗರತ್ನ ನನ್ನ ಕಡೆ ನೋಡಿದಳು.

“ಅಕ್ಕ, ನೀವೇ ಹೇಳಿ. ಹಂಗೇ ಅಲ್ವಾ ಐತೆ ರೂಲ್ಸು?”

ಆರೇಳು ಜನ ನಿಂತಿದ್ದರು. ನಾನು ಫೋನ್ ಬಂದವಳಂತೆ ಹೊರಗೆ ನಡೆದೆ. ಹೌದು, ಆಗಲೂ. ಒಂದು ಮಗು ಸಾವಿನ ಅಂಚಿನಿಂದ ಉಳಿದು ಬಂದಿತ್ತು — ಆಗಲೂ.

ಬಸ್ತಿಹಳ್ಳಿಗೆ ಹೋಗಲು ಇನ್ನೂ ಹನ್ನೊಂದು ದಿನ ಬೇಕಾಯಿತು. ಅಷ್ಟರಲ್ಲಿ ಇಬ್ಬರು ತಾಯಂದಿರು ತಮ್ಮ ಹುಡುಗಿಯರನ್ನು ಅವಳಿಂದ ಬಿಡಿಸಿದ್ದರು. ಅವಳು ಅಂಗಳದಲ್ಲಿ ಕ್ಯಾನು ತೊಳೆಯುತ್ತಿದ್ದಳು. ನಿಂತೇ ಎಲ್ಲವನ್ನೂ ಹೇಳಿದೆ, ಟ್ಯಾಂಕರ್, ಗೋಡೆ, ಡೇರೆ, ಸಹಿ. ಅವಳ ಕೈ ನಿಂತಿತು. ಬೈಯುತ್ತಾಳೆ ಎಂದುಕೊಂಡೆ. ಬೈಯಲಿ ಎಂದು ಆಸೆಯೂ ಇತ್ತು. ಬೈಸಿಕೊಂಡು ಹಗುರಾಗಿ ಮನೆಗೆ ಹೋಗುವ ಆಸೆ.

“ಅವತ್ತು ನಾನು ಅಳ್ತಿದ್ದಾಗ ನನ್ ತಲೆ ಸವರ್ತಿದ್ರಲ್ಲ,” ಎಂದಳು ಕೊನೆಗೆ. “ಅದನ್ಯಾಕೆ ಮಾಡುದ್ರಿ?”

ಅವಳು ಕ್ಯಾನು ಬೋರಲು ಹಾಕಿ ಎದ್ದಳು.

“ಹುಡುಗೀರು ಐದೂವರೆಗೆ ಬತ್ತಾರೆ. ಅವ್ರಿಗೆ ಹೇಳಿ. ಆಮೇಲೆ ಪವಿತ್ರನ್ ಅವ್ವನಿಗೆ ಹೇಳಿ.”

ಹೇಳಿದೆ. ಬಯಲಿನಲ್ಲಿ ಐವರು ಹುಡುಗಿಯರ ಮುಂದೆ, ಆಮೇಲೆ ಪವಿತ್ರಳ ಮನೆಯ ಜಗಲಿಯ ಮೇಲೆ. ಆ ತಾಯಿ ನನ್ನನ್ನು ಒಳಗೆ ಕರೆಯಲಿಲ್ಲ. ರೇಸು ನಡೆಸಿದವರಿಗೆ ಪತ್ರ ಬರೆದು ಪದಕ ವಾಪಸು ಕಳಿಸಿದೆ. ಹಳೆಯ ಫಲಿತಾಂಶ ಬದಲಿಸಲಾಗದು ಎಂದು ಎರಡು ಸಾಲಿನ ಉತ್ತರ ಬಂತು. ಮತ್ತೆ ಬರೆದಿದ್ದೇನೆ, ಅವರು ಬದಲಿಸುವವರೆಗೆ ಬರೆಯುತ್ತಿರುತ್ತೇನೆ. ಕ್ಲಬ್ಬು ಬಿಟ್ಟೆ. ‘ಹಳೇ ವಿಷಯ ಬಿಡಿ ಮೇಡಂ, ಅದೇನು ದೊಡ್ಡದು’ ಎಂದರು ಅಲ್ಲಿನವರು. ಅವರ ಬಾಯಲ್ಲಿ ಆ ಮಾತು ಕೇಳಿದಾಗ ಗೊತ್ತಾಯಿತು — ಇಷ್ಟು ವರ್ಷ ನಾನು ಎಷ್ಟು ನೆಮ್ಮದಿಯಾಗಿ ಅವರಲ್ಲೊಬ್ಬಳಾಗಿದ್ದೆ ಎಂದು.

ಇದನ್ನು ಬರೆದು ಅಚ್ಚಿಗೆ ಕೊಡಲೇ ಎಂದು ನಾಗರತ್ನಳನ್ನು ಕೇಳಲು ಹೋದ ವಾರ ಮತ್ತೆ ಹೋಗಿದ್ದೆ. ಅವಳು ಬಾಗಿಲಲ್ಲೇ ನಿಂತಿದ್ದಳು. ಈ ಸಲ ಅಕ್ಕ ಎನ್ನಲಿಲ್ಲ.

“ಕೊಡಿ. ನನ್ ಹೆಸ್ರೂ ಹಾಕಿ, ನಿಮ್ ಹೆಸ್ರೂ ಹಾಕಿ,” ಎಂದು ಬಾಗಿಲು ಹಾಕಿಕೊಂಡಳು.

ಅವಳದನ್ನು ಮೊದಲ ಸಾಲಿನಲ್ಲೇ ಬರೆದೆ. ನನ್ನದನ್ನು ಬರೆಯಲು ಮಾತ್ರ ಇಷ್ಟು ದೂರ ಬರಬೇಕಾಯಿತು.

— ಶೈಲಜಾ, ಅರಸೀಕೆರೆ