ಇನ್ವರ್ಟರ್ ಮೇಡಂ

ಮೇಡಂ ಬೆಳಿಗ್ಗೆ ಗ್ಯಾರೇಜಿಗೆ ಬಂದವರೇ ಬಳೆ, ಉಂಗುರ, ಕೊನೆಗೆ ತಾಳಿಸರವನ್ನೂ ಬಿಚ್ಚಿ ಸ್ಟೀಲ್ ಡಬ್ಬಿಗೆ ಹಾಕಿ ಮುಚ್ಚಳ ಒತ್ತುತ್ತಿದ್ದರು. ಆಮೇಲೇ ಮೊಣಕೈವರೆಗಿನ ರಬ್ಬರ್ ಗ್ಲೌಸು. ಎದುರಿನ ಹೂವಿನಂಗಡಿ ಅಜ್ಜಿ, "ಅಯ್ಯೋ, ತಾಳಿ ಬಿಚ್ಚೋದಾ!" ಅಂದರೆ, "ಇದು ಕರೆಂಟಿನ ಕೆಲಸ, ಚಿನ್ನ ತಾಗಿದ್ರೆ ಶಾಕು. ಯಜಮಾನ್ರು ಗಟ್ಟಿಯಾಗಿದಾರೆ ಅಜ್ಜಿ, ನಾನೂ ಇರ್ಬೇಕಲ್ಲ" ಅನ್ನೋರು.

ಬನಶಂಕರಿಯಲ್ಲಿ ಮೇಡಂ ನಡೆಸುತ್ತಿದ್ದ ಆ ಗ್ಯಾರೇಜಿಗೆ ಎಲೆಕ್ಟ್ರಿಕ್, ಹೈಬ್ರಿಡ್ ಕಾರುಗಳಷ್ಟೇ ಬರುತ್ತಿದ್ದವು. ನಾನು ಇಪ್ಪತ್ತು ವರ್ಷ ಪೆಟ್ರೋಲ್ ಗಾಡಿ ಬಿಚ್ಚಿ ಅಲ್ಲಿಗೆ ಸೇರಿದವನು, ಜಂಬಕ್ಕೇನೂ ಕಮ್ಮಿಯಿರಲಿಲ್ಲ. ಮೇಡಂ ಐಟಿಐಯಲ್ಲಿ ಎಲೆಕ್ಟ್ರಿಕಲ್ ಪಾಠ ಮಾಡಿ ಬಂದವರು. ಬ್ಯಾಟರಿಯ ಹೈವೋಲ್ಟೇಜ್ ಪ್ಲಗ್ ಕಿತ್ತು, ಯಾರೂ ಮತ್ತೆ ಸಿಕ್ಕಿಸದ ಹಾಗೆ ಕೋಟಿನ ಜೇಬಿಗೆ ಹಾಕಿಕೊಂಡು, ಬ್ಯಾಟರಿ ಕರೆಂಟನ್ನು ಮೋಟಾರಿಗೆ ಹೊಂದಿಸಿಕೊಡುವ ಇನ್ವರ್ಟರಿನಲ್ಲಿ ಉಳಿದ ಕರೆಂಟು ಇಳಿಯಲಿ ಅಂತ ಹತ್ತು ನಿಮಿಷ ನನ್ನನ್ನು ಸುಮ್ಮನೆ ಕೂರಿಸುತ್ತಿದ್ದರು. ಗೊಣಗಿದರೆ, "ಕಾಯೋದೂ ಕೆಲಸಾನೇ ಕಣ್ರೀ" ಅನ್ನೋರು.

ಒಂದು ದಿನ ಜೆ.ಪಿ. ನಗರದ ಟ್ಯಾಕ್ಸಿ ಓಡಿಸುವ ಅಕ್ಕನೊಬ್ಬರು ಕಾರನ್ನು ಟೋ ಮಾಡಿಸಿಕೊಂಡು ಬಂದರು. ಸ್ಟಾರ್ಟೇ ಆಗದು. ಕರೆಂಟು ಕಾರಿನ ಲೋಹದ ಮೈಗೆ ಸೋರುತ್ತಿದೆ ಅಂತ ಸ್ಕ್ಯಾನರ್ ತೋರಿಸಿತು. ನಾನು ದೊಡ್ಡ ಡಾಕ್ಟರ್ ಥರ, "ಇನ್ವರ್ಟರ್ ಹೋಯ್ತು, ಬದಲಾಯಿಸ್ಬೇಕು" ಅಂದುಬಿಟ್ಟೆ. "ಲಕ್ಷಗಟ್ಟಲೆ ನಾನೆಲ್ಲಿಂದ ತರ್ಲಿ?" ಅಂದರು ಅಕ್ಕ. ಅವರ ಮನೆ ನಡೆಯುತ್ತಿದ್ದದ್ದೇ ಆ ಗಾಡಿಯಿಂದ.

ಮೇಡಂ ಕಿತ್ತಳೆ ಬಣ್ಣದ ಹೈವೋಲ್ಟೇಜ್ ಕೇಬಲ್‌ಗಳನ್ನು ಒಂದೊಂದಾಗಿ ಬಿಡಿಸುತ್ತಾ ಮೀಟರ್ ಹಿಡಿದರು. ಇನ್ವರ್ಟರಿನದು ಬಿಡಿಸಿದರೂ ಸೋರಿಕೆ ಹಾಗೇ ಇತ್ತು. ಎಸಿ ಕಂಪ್ರೆಸರಿನದು ಬಿಡಿಸಿದ್ದೇ ತಡ, ನಿಂತುಹೋಯಿತು.

"ಇದಕ್ಕೆ ಆಯಿಲ್ ಹಾಕಿದ್ಯಾರು?"

ಹಿಂದಿನ ವಾರ ಸರ್ವಿಸ್‌ನಲ್ಲಿ ಹಾಕಿದವನು ನಾನೇ. ಅದೂ ಪೆಟ್ರೋಲ್ ಕಾರಿನ ಎಸಿ ಆಯಿಲ್! ಈ ಕಂಪ್ರೆಸರಿನ ಹೊಟ್ಟೆಯಲ್ಲೇ ಹೈವೋಲ್ಟೇಜ್ ಮೋಟಾರಿದೆ, ಕರೆಂಟು ಹಾಯದ ಬೇರೆ ಆಯಿಲೇ ಬೇಕು. ಕೈಗೆ ಬಂದ ಹಳೇ ಅಭ್ಯಾಸದಲ್ಲಿ ಸುರಿದಿದ್ದೆ. ನಾಚಿಕೆಯಿಂದ ಸತ್ತೇ ಹೋದೆ. ಇನ್ನು ನನ್ನನ್ನು ಯಾರು ಹೈವೋಲ್ಟೇಜ್ ಹತ್ತಿರ ಬಿಡುತ್ತಾರೆ?

"ಅಕ್ಕಂಗೆ ನೀವೇ ಹೇಳಿ" ಅಂದರು ಮೇಡಂ.

ಹೇಳಿದೆ. ಅಕ್ಕ ಬೈದರು, ಚೆನ್ನಾಗೇ ಬೈದರು. ಅಷ್ಟೂ ಮುಗಿದ ಮೇಲೆ ಮೇಡಂ ತಮ್ಮ ಗ್ಲೌಸು ಬಿಚ್ಚಿ ನನ್ನ ಕೈಗಿಟ್ಟರು. "ಹೊಸ ಕಂಪ್ರೆಸರ್ ನಾವೇ ಹಾಕ್ಕೊಡ್ತೀವಿ ಅಕ್ಕ. ಕೂರಿಸೋದು ಇವರೇ."

ಕೂರಿಸಿದೆ. ಇನ್ವರ್ಟರ್ ಉಳಿಯಿತು, ಅಕ್ಕನ ಗಾಡಿ ಈಗಲೂ ಓಡುತ್ತಿದೆ.

ಹೋದ ವರ್ಷ ಮೇಡಂ ತೀರಿಕೊಂಡರು. ಗ್ಯಾರೇಜು ಮುಚ್ಚುತ್ತೀರಾ ಅಂತ ಬೀದಿಯಲ್ಲಿ ಸಿಕ್ಕ ಅವರ ಮಗಳನ್ನು ಕೇಳಿದೆ.

"ಯಾಕಂಕಲ್? ನಿಮ್ಮ ಕೈಗೇ ಬಿಡ್ಬೇಕು ಅಂತ ಅಮ್ಮ ಹೇಳಿಹೋಗಿದಾರೆ. ತಪ್ಪು ಮಾಡಿ, ಗಿರಾಕಿ ಮುಖ ನೋಡ್ಕೊಂಡು ಹೇಳಿದೋರು ನೀವೊಬ್ರೇ ಅಂತೆ."

ನಡುಬೀದಿ ಅಂತಲೂ ನೋಡದೆ ಅತ್ತುಬಿಟ್ಟೆ. ಅಂಥವರ ಕೈಕೆಳಗೆ ಕಲಿತವನು ನಾನು. ಯಾರು ಕೇಳಿದರೂ ಎದೆಯುಬ್ಬಿಸಿ ಅದನ್ನೇ ಹೇಳುತ್ತೇನೆ.