ಸೈಕಲ್ ಟ್ಯೂಬಿನಲ್ಲಿ ಫ್ರಿಜ್ಜಿನ ಗ್ಯಾಸು

ಎಪ್ಪತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ ಸೋಲಾಪುರದ ನಮ್ಮ ಮನೆಯ ಫ್ರಿಜ್ ಕೆಟ್ಟು ಕೂತಿತು. ತಣ್ಣೀರು ಇಲ್ಲದಿದ್ದರೂ ನಡೆಯುತ್ತಿತ್ತು, ಆದರೆ ಅದರಲ್ಲಿ ನನ್ನ ಅತ್ತೆಯ ಇನ್ಸುಲಿನ್ ಶೀಶೆ ಇರುತ್ತಿತ್ತು. ಶೀಶೆಯನ್ನು ಒದ್ದೆ ಮರಳಿನ ಮಡಕೆಯಲ್ಲಿ ಹೂತಿಟ್ಟೆವು. ಮಧ್ಯಾಹ್ನದ ಹೊತ್ತಿಗೆ ಆ ಮರಳೂ ಬೆಚ್ಚಗಾಯಿತು.

ರಿಪೇರಿಗೆ ಬಂದ ಮಿಸ್ತ್ರಿ, ಹಳೆಯ ಗ್ಯಾಸು ಬಿಟ್ಟು ಕಂಪ್ರೆಸರ್ ಬದಲಿಸಬೇಕೆಂದ. ನೂಲಿನ ವ್ಯಾಪಾರಿಯಾದ ನನ್ನ ಮಾವ ಅವನ ಕೈ ಹಿಡಿದು ತಡೆದರು.

“ಬಿಟ್ಟ ಗ್ಯಾಸು ಎಲ್ಲಿ ಹೋಗತೈತಿ?”

“ಹವಾದಾಗ್ರಿ, ಸಾವಕಾರ್ರ.”

“ಆಮ್ಯಾಲೆ?”

ಮಿಸ್ತ್ರಿ ನನ್ನ ಮುಖ ನೋಡಿದ. ನನಗೇನು ಗೊತ್ತು! ಮಾವನಿಗೆ ರೇಡಿಯೋದ ಹುಚ್ಚು, ಅದರಲ್ಲಿ ಕೇಳಿದ್ದನ್ನು ಹೇಳಿದರು: ಆಕಾಶದಲ್ಲಿ ಓಝೋನ್ ಎಂಬ ಪದರವಿದೆ, ಅದು ಸೂರ್ಯನ ಸುಡುವ ಕಿರಣ ತಡೆಯುತ್ತದೆ, ಫ್ರಿಜ್ಜಿನ ಗ್ಯಾಸು ಅದನ್ನು ತಿನ್ನುತ್ತದಂತೆ, ಹಲವು ದೇಶದವರು ಕೂಡಿ ಉಪಾಯ ಹುಡುಕುತ್ತಿದ್ದಾರಂತೆ. ಸೋಲಾಪುರದ ಬಿಸಿಲಿಗೆ ಇನ್ನಷ್ಟು ಬಿಸಿಲು ಕೂಡಿಸುವುದೇ ಎಂಬುದು ಅವರ ವಾದ.

ತಮ್ಮ ಸೈಕಲ್ಲಿನ ಟ್ಯೂಬು ಬಿಚ್ಚಿಸಿ ತಂದು, “ಇದರಾಗ ಹಿಡಿ” ಎಂದರು. ಮಿಸ್ತ್ರಿ ನಗು ತಡೆದುಕೊಂಡು ನಳಿಕೆ ಜೋಡಿಸಿದ. ಟ್ಯೂಬು ಉಬ್ಬತೊಡಗಿತು. ನನಗೂ ತಡೆಯಲಾಗದ ಕುತೂಹಲ, ಮುಟ್ಟಿದರೆ ತಣ್ಣಗಿತ್ತು. ಎಲ್ಲೋ ಸುಯ್ ಎಂದಿತು. ಪಂಕ್ಚರ್! ಸಾಬೂನು ನೀರು ಹಚ್ಚಿದರೆ ಗುಳ್ಳೆಗಳೆದ್ದವು. ನಾನೂ ಮಾವನೂ ತೂತು ಹುಡುಕುತ್ತ ಕೂತೆವು. ಮಡಕೆಯ ನೆನಪು ಇಬ್ಬರಿಗೂ ಹಾರಿಹೋಗಿತ್ತು.

ಮಂಚದ ಮೇಲಿಂದ ಅತ್ತೆ ಕೂಗಿದರು: “ರೀ, ಆಕಾಶ ಆಮ್ಯಾಲೆ ಉಳಸ್ರಿ. ಮೊದಲ ನನ್ನ ಉಳಸ್ರಿ.”

ನನಗೆ ಎಷ್ಟು ನಾಚಿಕೆಯಾಯಿತೆಂದರೆ ಸಾಬೂನಿನ ಕೈ ಒರೆಸಿಕೊಳ್ಳುವುದನ್ನೂ ಮರೆತೆ. ಮಾವ ತಾವೇ ನಳಿಕೆ ಕಿತ್ತರು. ಉಳಿದ ಗ್ಯಾಸು ಕಿಟಕಿಯ ಕಡೆ ಹೋಯಿತು, ಕಣ್ಣಿಗೆ ಏನೂ ಕಾಣಲಿಲ್ಲ.

ಮಿಸ್ತ್ರಿ ಕಂಪ್ರೆಸರ್ ಬದಲಿಸಿ ಹೊಸ ಗ್ಯಾಸು ತುಂಬಿದ ಮೇಲೆ, ಸಂಜೆ ಫ್ರಿಜ್ ಗುರ್ ಎಂದಿತು. ಮಾವ ಶೀಶೆ ಒಳಗಿಟ್ಟು ಬಾಗಿಲು ಹಾಕಿದರು, ಮತ್ತೆ ತೆಗೆದು ಮುಟ್ಟಿ ನೋಡಿದರು. ಅದು ತಣ್ಣಗಾದ ಮೇಲೆ ಅತ್ತೆಯ ಪಕ್ಕ ಕೂತು, ಅಪರಾಧಿಯ ಹಾಗೆ ಮೆಲ್ಲಗೆ ಹೇಳಿದರು:

“ಆ ಎಲ್ಲಾ ದೇಶದವರು ಲಗೂನ ಏನಾರ ಉಪಾಯ ಹುಡಕ್ಲಿ. ನಿನ್ನ ಬಿಟ್ಟು ಆಕಾಶ ಉಳಸೂದು ನನ್ನ ಕೈಲೆ ಆಗೂದಿಲ್ಲ.”