ಬೋರ್ಡಿನತ್ತ ತಿರುಗಿದಾಗ

ಬನಹಟ್ಟಿಯಲ್ಲಿ ಪವರ್‌ಲೂಮಿನ ಹೆಂಗಸರಿಗೆ ನಾನು ಅಕ್ಷರ ಕಲಿಸುತ್ತಿದ್ದೆ. ಬೋರ್ಡಿನತ್ತ ತಿರುಗಿ ಬರೆಯುತ್ತ ಹೇಳಿಕೊಟ್ಟರೆ ಒಬ್ಬಳೂ ಬಾಯಿ ಬಿಡುತ್ತಿರಲಿಲ್ಲ. ಸಿಟ್ಟು ಬಂದು ಅವರತ್ತ ತಿರುಗಿ, ದನಿ ಹೊರಡದಂತೆ ‘ಎಮ್ಮಿಗೋಳು’ ಎಂದು ಬೈದುಕೊಳ್ಳುತ್ತಿದ್ದೆ.

ಶಿಕ್ಷಕರನ್ನು ತಿದ್ದಲೆಂದು ತರಬೇತಿಯವರು ನನ್ನ ಪಾಠದ ವಿಡಿಯೊ ತೆಗೆದು ನನಗೇ ತೋರಿಸಿದರು. ನಾನು ಬೆನ್ನು ತಿರುಗಿಸಿದೊಡನೆ ಅಷ್ಟೂ ಬಾಯಿಗಳು ಒಮ್ಮೆಲೇ ಮುಚ್ಚುತ್ತಿದ್ದವು. ಮುಖ ತಿರುಗಿಸಿದೊಡನೆ ಒಮ್ಮೆಲೇ ತೆರೆಯುತ್ತಿದ್ದವು. ಎಲ್ಲರ ಕಣ್ಣೂ ನನ್ನ ತುಟಿಯ ಮೇಲೆ.

ಮರುದಿನ ಕ್ಲಾಸಿನ ಹಿರಿಯಳೊಬ್ಬಳನ್ನು ಯಾಕೆಂದು ಕೇಳಿದೆ.

“ಮಗ್ಗದ ಸಪ್ಪಳಕ್ಕ ಕಿವಿ ಹೋಗ್ಯಾವ್ರಿ ಸರ್. ನಾವು ಬಾಯಿ ನೋಡೇ ಮಾತು ತಿಳ್ಕೊಳ್ಳೋದು,” ಎಂದಳು.

“ಎಲ್ಲಾ ಮಾತೂ ತಿಳೀತೈತೇನಬೇ?” ಎಂದೆ.

ಅವಳು ನನ್ನನ್ನೇ ನೋಡುತ್ತ, ದನಿಯಿಲ್ಲದೆ ತುಟಿಯನ್ನಷ್ಟೇ ಆಡಿಸಿದಳು: ಎಮ್ಮಿಗೋಳು.